ರಾಮಗಿರಿಯ ಕಾಲುದಾರಿಗಳು

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಪ್ರಯಾಣಮಾಡುವವರು ಬಿಡದಿಯನ್ನು ದಾಟಿ ಸ್ವಲ್ಪ ದೂರ ಹೋದಮೇಲೆ ಕಿಟಕಿಯ ಹೊರಗೆ ದೃಷ್ಟಿಯನ್ನು ಹಾಯಿಸಿದರೆ, ಮಲಗಿರುವ ಆನೆಗಳ ಹಿಂಡಿನಂತೆ ಬೂದುಬಣ್ಣದ ಬೃಹತ್ತಾದ ಬಂಡೆಗಳು ಒಂದರ ಹಿಂದೊಂದು ತಲೆದೋರುವುವು. ಬಹುಮಂದಿ ಅವುಗಳನ್ನು ಕಂಡು ‘ಷೋಲೆ’ ಚಿತ್ರದ ಬೆಟ್ಟವೆಂದು ಮಕ್ಕಳಿಗೆ ತೋರಿಸಿ, ಮತ್ತೆ ತಿಂಡಿಯ ಪೊಟ್ಟಣದ ಕಡೆಗೆ ತಿರುಗುವರು. ಅಲ್ಲಿ ಇಳಿದು ನಡೆಯತಕ್ಕವರು ವಿರಳ. ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಸೀಮೆಯ ಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠಹೇಳಿ ಈಗ ವಿಶ್ರಾಂತಿಯಲ್ಲಿರುವ ನಾನು ಇಲ್ಲಿನ ಕಾಲುದಾರಿಗಳನ್ನು ಅಷ್ಟಿಷ್ಟು ಬಲ್ಲೆನು. ಗೃಹಸ್ಥರು ಮಕ್ಕಳೊಡನೆ ಒಂದು ದಿನದ ಮಟ್ಟಿಗೆ ಹೋಗಿಬರಬಹುದಾದ ಕೆಲವು ದಾರಿಗಳನ್ನು ಇಲ್ಲಿ ಬರೆಯುತ್ತೇನೆ. ಹೋಗಬಾರದ ಒಂದು ದಾರಿಯನ್ನೂ ಬರೆಯುವೆನು. ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಅದನ್ನೇ.

ಮೊದಲು ಊರಿನ ವಿಷಯ. ಈ ಪಟ್ಟಣಕ್ಕೆ ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎಂದು ಹೆಸರಿತ್ತು. ಅನಂತರ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬವನ ಹೆಸರಿನಿಂದ ಕ್ಲೋಸ್‌ಪೇಟೆಯಾಯಿತು. ಸ್ವಾತಂತ್ರ್ಯಾನಂತರ ರಾಮನಗರವಾಯಿತು. ೨೦೦೭ ರಲ್ಲಿ ಇದೇ ಹೆಸರಿನ ಜಿಲ್ಲೆಯಾಗಿ, ೨೦೨೫ ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರನ್ನಿಡಲಾಯಿತು. ಇಷ್ಟು ನಾಮಕರಣಗಳು ಕಳೆದರೂ ಕ್ಲೋಸ್ ಸಾಹೇಬನ ಹೆಸರು ಅಳಿಯಲಿಲ್ಲ. ಭೂವಿಜ್ಞಾನಿಗಳು ಇಲ್ಲಿನ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುವರು. ನಾಡಿನ ನಡುವೆ ದಕ್ಷಿಣೋತ್ತರವಾಗಿ ಸುಮಾರು ೪೦೦ ಕಿಲೋಮೀಟರು ಹಬ್ಬಿರುವ ಈ ಕಲ್ಲಿಗೆ ೨೫೦ ಕೋಟಿ ವರ್ಷಗಳಷ್ಟು ಪ್ರಾಯವಾಗಿದೆಯೆಂದು ಅವರ ಗಣನೆ. ನಮ್ಮ ಪುರಾಣಗಳ ಕಲ್ಪ ಮನ್ವಂತರಗಳ ಲೆಕ್ಕವನ್ನು ಕೇಳಿ ನಗುತ್ತಿದ್ದ ಹುಡುಗರು ಈ ಸಂಖ್ಯೆಯನ್ನು ಕೇಳಿ ಸುಮ್ಮನಾಗುತ್ತಿದ್ದರು.

ಪಟ್ಟಣವನ್ನು ಸುತ್ತಿಕೊಂಡು ಶಿವರಾಮಗಿರಿ, ಸೋಮಗಿರಿ, ಕೃಷ್ಣಗಿರಿ, ಯತಿರಾಜಗಿರಿ, ರೇವಣಸಿದ್ಧೇಶ್ವರ, ಸಿಡಿಲಕಲ್ಲು, ಜಲಸಿದ್ಧೇಶ್ವರ ಎಂಬ ಏಳು ಬೆಟ್ಟಗಳಿವೆಯೆಂದು ಹೇಳುವುದುಂಟು. ಆದರೆ ಪಟ್ಟಣಕ್ಕೆ ಅತಿ ಸಮೀಪವಾಗಿಯೂ ಜನಪ್ರಿಯವಾಗಿಯೂ ಇರುವುದು ರಾಮದೇವರ ಬೆಟ್ಟ. ರಾಮಗಿರಿಯೆಂದೂ ಇದನ್ನು ಕರೆಯುವರು. ಕಾಳಿದಾಸನ ಯಕ್ಷನು ವಿರಹದಲ್ಲಿ ದಿನಗಳೆದ ರಾಮಗಿರಿ ಇದೇ ಏನೆಂದು ಪ್ರತಿವರ್ಷವೂ ಒಬ್ಬ ವಿದ್ಯಾರ್ಥಿಯಾದರೂ ಕೇಳದಿರುತ್ತಿರಲಿಲ್ಲ. ಪಂಡಿತರ ಮತದಲ್ಲಿ ಅದು ನಾಗಪುರದ ಬಳಿಯ ರಾಮಟೇಕ್. ಹಾಗೆಂದು ಹೇಳಿದಾಗ ಹುಡುಗರ ಮುಖ ಬಾಡುತ್ತಿತ್ತು. ನನ್ನ ಮನಸ್ಸೂ ಕೊಂಚ ಬಾಡುತ್ತಿತ್ತು.

ಪಟ್ಟಣದಿಂದ ಹಳೆಯ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆಗೆ ತುಸು ದೂರ ಬಂದು ಪಕ್ಕದ ದಾರಿಯನ್ನು ಹಿಡಿದರೆ, ಸಾಧಾರಣ ನಡಿಗೆಯವರೂ ಒಂದು ಗಂಟೆಯೊಳಗೆ ಬೆಟ್ಟದ ಬುಡವನ್ನು ಸೇರಬಹುದು. ೨೦೨೩ ರಲ್ಲಿ ಹೊಸ ಹೆದ್ದಾರಿಯು ಊರಿನ ಹೊರಗಡೆಯೇ ಹಾದುಹೋದಮೇಲೆ ಹಳೆಯ ರಸ್ತೆಯಲ್ಲಿ ಸಂಚಾರವು ಮೊದಲಿಗಿಂತ ಹಗುರವಾಗಿದೆ. ಬುಡದಲ್ಲಿ ಅರಣ್ಯ ಇಲಾಖೆಯ ದ್ವಾರವಿದೆ. ಅಲ್ಲಿಂದ ಮುಂದೆ ಬಂಡೆಯಲ್ಲಿಯೇ ಕಡಿದ ಮೆಟ್ಟಿಲುಗಳು. ಇಕ್ಕೆಲಗಳಲ್ಲಿಯೂ ಕುರುಚಲು ಕಾಡು. ಹಳದಿ ಕೊರಳಿನ ಪಿಕಳಾರವೆಂಬ, ದಕ್ಷಿಣದ ಕಲ್ಲುಬೆಟ್ಟಗಳನ್ನು ಬಿಟ್ಟು ಬೇರೆಲ್ಲಿಯೂ ಕಾಣದ ಪುಟ್ಟ ಹಕ್ಕಿಯು ಈ ಪೊದೆಗಳಲ್ಲಿರುವುದು. ಮೇಲೆ ಪಟ್ಟಾಭಿರಾಮನ ದೇವಾಲಯ, ಅದರ ಹತ್ತಿರ ಬಂಡೆಗಳ ನಡುವೆ ಒಂದು ಕೊಳ. ಕಾಕಾಸುರನ ಕಥೆಯನ್ನು ಈ ಸ್ಥಳಕ್ಕೆ ಜೋಡಿಸಿ, ಆದಕಾರಣ ಇಲ್ಲಿ ಕಾಗೆಗಳು ಸುಳಿಯುವುದಿಲ್ಲವೆಂದು ಹಿರಿಯರು ಹೇಳುವರು. ಕೋತಿಗಳು ಮಾತ್ರ ಧಾರಾಳವಾಗಿ ಸುಳಿಯುವುವು. ಬಾಳೆಯಹಣ್ಣಿನ ಚೀಲವನ್ನು ಕೈಯಲ್ಲಿ ಹಿಡಿದು ಹತ್ತುವುದು ಬುದ್ಧಿವಂತಿಕೆಯಲ್ಲ. ಕರಡಿ ಚಿರತೆಗಳೂ ಈ ಕಾಡಿನಲ್ಲಿರುವುದರಿಂದ ಬೆಳಗಿನ ಬೆಳಕಿನಲ್ಲಿ ಹತ್ತಿ, ಬಿಸಿಲು ಬಲಿಯುವ ಮುನ್ನ ಇಳಿದುಬಿಡತಕ್ಕದ್ದು.

ಈ ಬೆಟ್ಟದ ಕಡಿದಾದ ಬಂಡೆಗಳ ಸಂದುಗಳಲ್ಲಿ ರಣಹದ್ದುಗಳು ಬಹುಕಾಲದಿಂದ ಗೂಡುಮಾಡಿಕೊಂಡು ಬಂದಿವೆ. ಶ್ರೀರಾಮನ ಹೆಸರಿನ ಗಿರಿಯಲ್ಲಿ ಗೃಧ್ರಗಳ ವಾಸ! ತಂದೆಯ ಅಂತ್ಯಕ್ರಿಯೆಗೆ ಒದಗಲಾರದೆಹೋದ ರಾಮನು ಜಟಾಯುವಿಗೆ ಮಗನಂತೆ ಸಂಸ್ಕಾರಮಾಡಿದ ಕಥೆಯನ್ನು ಬಲ್ಲವರಿಗೆ ಈ ಸಂಯೋಗವು ರೋಮಾಂಚಕರವಾಗಿ ತೋರದಿರದು. ನನಗೂ ಹಾಗೆಯೇ ತೋರಿತ್ತು, ಮತ್ತು ಅದರಿಂದಲೇ ಒಂದು ತಪ್ಪು ನಡೆಯಿತು.

ಆಗ ನಾನು ಕೆಲಸಕ್ಕೆ ಸೇರಿ ಎರಡು ಮೂರು ವರ್ಷವಾಗಿದ್ದಿರಬೇಕು. ತರಗತಿಯಲ್ಲಿ ಜಟಾಯುವಿನ ಪಾಠ ಮುಗಿದಿತ್ತು. ಸಂಕ್ರಾಂತಿಯ ಹಿಂದಿನ ವಾರ ನಲವತ್ತು ಮಂದಿ ಹುಡುಗರನ್ನು ಕರೆದುಕೊಂಡು ಬೆಟ್ಟಕ್ಕೆ ಹೋದೆನು. ಮೆಟ್ಟಿಲಿನ ದಾರಿಯಿಂದ ಹದ್ದುಗಳು ದೂರವಾಗಿ ಕಂಡವು. ಅಷ್ಟರಿಂದ ತೃಪ್ತನಾಗದೆ, ದನಗಾಹಿಗಳು ನಡೆಯುತ್ತಿದ್ದ ಒಂದು ಜಾಡನ್ನು ಹಿಡಿದು, ಗೂಡುಗಳಿದ್ದ ಬಂಡೆಗೆ ಎದುರಾಗಿ ಅವರನ್ನು ನಿಲ್ಲಿಸಿದೆನು. ಒಬ್ಬ ಹುಡುಗನು ಕೂಗಿದ್ದಕ್ಕೆ ಬಂಡೆಯು ಮಾರ್ದನಿಗೊಟ್ಟಿತು. ನಾನು ಗದರಿಸಬೇಕಾಗಿದ್ದಿತು. ಅದಕ್ಕೆ ಬದಲಾಗಿ, “ಎಲ್ಲರೂ ಒಟ್ಟಿಗೆ ಜಟಾಯುವನ್ನು ಕರೆಯಿರಿ” ಎಂದೆನು. ನಲವತ್ತು ಕಂಠಗಳು ಏಕಕಾಲದಲ್ಲಿ ಕೂಗಿದವು. ಸಂದುಗಳಿಂದ ಹಕ್ಕಿಗಳು ಒಂದೊಂದಾಗಿ ಎದ್ದು ಆಳವಾದ ಕಣಿವೆಯ ಮೇಲೆ ತೇಲಿದವು. ಹುಡುಗರು ಚಪ್ಪಾಳೆ ತಟ್ಟಿದರು. ಕಟ್ಟಕಡೆಗೆ ಎದ್ದ ಹಕ್ಕಿಯ ಹಿಂದೆ, ಕಡ್ಡಿಗಳ ನಡುವೆ, ಬಿಳಿಯ ಮೊಟ್ಟೆಯೊಂದು ಬಿಸಿಲಿನಲ್ಲಿ ಉಳಿದುಹೋಯಿತು.

ಹಿಂದೆ ಮೇಕೆಗಳನ್ನು ಮೇಯಿಸುತ್ತಿದ್ದ ಮುದುಕನೊಬ್ಬನು ಬಂದು, “ಮೇಷ್ಟ್ರೇ, ಬಿಸ್ಲಿಗೆ ಮೊಟ್ಟೆ ಕೆಟ್ಟೋಯ್ತದೆ. ಮಕ್ಳನ್ನ ಕರ್ಕಂಡು ಇಳೀರಿ” ಎಂದನು. ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚಾಗಿ ಚುಚ್ಚಿತು. ನಾವು ಇಳಿದೆವು. ತಾಯಿಹಕ್ಕಿಯು ತಿರುಗಿ ಬಂದಿತೋ ಇಲ್ಲವೋ ನಾನು ಕಾಣೆನು.

ರಣಹದ್ದು ವರ್ಷಕ್ಕೆ ಒಂದೇ ಮೊಟ್ಟೆಯನ್ನಿಡುವುದೆಂದೂ, ಗಂಡುಹೆಣ್ಣುಗಳೆರಡೂ ಸುಮಾರು ಏಳು ವಾರ ಸರದಿಯಿಂದ ಕಾವುಕೊಡುವುವೆಂದೂ, ಮರಿಯು ಗೂಡನ್ನು ಬಿಡಲು ಮತ್ತೆ ತಿಂಗಳುಗಟ್ಟಲೆ ಬೇಕೆಂದೂ ನಾನು ಓದಿ ತಿಳಿದದ್ದು ಅನಂತರ. ಅಷ್ಟುಹೊತ್ತಿಗೆ ದೇಶದಲ್ಲೆಲ್ಲ ಈ ಪಕ್ಷಿಗಳು ಕಣ್ಮರೆಯಾಗುತ್ತ ಬಂದಿದ್ದವು. ಇಲ್ಲಿ ವಾಸಿಸುವ ಉದ್ದಕೊಕ್ಕಿನ ಜಾತಿಯೂ ಅದರ ಸಮೀಪದ ಜಾತಿಯೂ ೧೯೯೨ ರಿಂದ ೨೦೦೭ ರವರೆಗಿನ ಹದಿನೈದೇ ವರ್ಷಗಳಲ್ಲಿ ನೂರಕ್ಕೆ ೯೭ ರಷ್ಟು ನಾಶವಾದುವು. ಕಾರಣವು ಕೂಗಾಟವಲ್ಲ. ದನಗಳಿಗೆ ನೋವು ಊತಗಳಿಗಾಗಿ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧವೇ ಕಾರಣವೆಂದು ೨೦೦೪ ರಲ್ಲಿ ವಿಜ್ಞಾನಿಗಳು ಕಂಡುಹಿಡಿದರು. ಆ ಔಷಧವನ್ನು ಪಡೆದು ಸ್ವಲ್ಪದರಲ್ಲೇ ಸತ್ತ ದನದ ಮಾಂಸವನ್ನು ತಿಂದ ಹದ್ದಿಗೆ ಮೂತ್ರಪಿಂಡಗಳು ಕೆಟ್ಟು, ಕೆಲವೇ ದಿನಗಳಲ್ಲಿ ಮರಣವು ಸಂಭವಿಸುವುದು. ಒಂದು ಕಳೇಬರದ ಸುತ್ತ ಹತ್ತಾರು ಹದ್ದುಗಳು ಕೂಡುವುದರಿಂದ ವಿಷವುಂಡ ದನ ಕೆಲವೇ ಇದ್ದರೂ ಸಾಕು, ಬೆಟ್ಟವೇ ಬರಿದಾಗುವುದು. ೨೦೦೬ ರಲ್ಲಿ ಸರಕಾರವು ಪಶುಗಳಿಗೆ ಈ ಔಷಧವನ್ನು ನಿಷೇಧಿಸಿತು. ಮನುಷ್ಯರಿಗಾಗಿ ಮಾರುವ ಅದೇ ಔಷಧವನ್ನು ದನಗಳಿಗೆ ಚುಚ್ಚುವ ವಾಡಿಕೆ ನಿಲ್ಲದ್ದರಿಂದ, ೨೦೧೫ ರಲ್ಲಿ ದೊಡ್ಡ ಸೀಸೆಗಳ ಮಾರಾಟವನ್ನೂ ತಡೆಯಿತು. ಹದ್ದುಗಳಿಗೆ ಕೇಡುಮಾಡದ ಮೆಲಾಕ್ಸಿಕ್ಯಾಮ್ ಎಂಬ ಔಷಧವು ದೊರೆಯುತ್ತದೆ. ಈ ಪತ್ರಿಕೆಯನ್ನೋದುವ ಮನೆಗಳಲ್ಲಿ ಹಸು ಕಟ್ಟಿರುವವರು ಅನೇಕರಿರುವರಷ್ಟೆ. ಪಶುವೈದ್ಯರು ಬಂದಾಗ ಅದರ ಹೆಸರನ್ನು ಹೇಳಿ ಕೇಳಿದರೆ ಯಾರೂ ಬೇಸರಪಡಲಾರರು.

೨೦೧೨ ರಲ್ಲಿ ರಾಮದೇವರ ಬೆಟ್ಟದ ಸುತ್ತಣ ಸುಮಾರು ೩೪೬ ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಈಗ ಉಳಿದಿರುವ ಹಕ್ಕಿಗಳು ಬೆರಳೆಣಿಕೆಯಷ್ಟು. ನಾನು ಹುಡುಗರನ್ನು ನಡೆಸಿಕೊಂಡು ಹೋದ ಜಾಡಿನಲ್ಲಿ ಇಂದು ಯಾರೂ ಹೋಗಕೂಡದು. ಮೆಟ್ಟಿಲಿನ ದಾರಿಯನ್ನು ಬಿಟ್ಟು ಬಂಡೆಗಳ ಕಡೆಗೆ ಅಲೆಯಕೂಡದು. “ಬೆಟ್ಟವು ಎಲ್ಲರದಲ್ಲವೇ?” ಎಂದು ಕಾವಲುಗಾರನೊಡನೆ ವಾದಿಸುವ ವಿದ್ಯಾವಂತರನ್ನು ನಾನು ಕಂಡಿದ್ದೇನೆ. ಅವರಿಗೆ ನನ್ನ ಮೊಟ್ಟೆಯ ಕಥೆಯನ್ನು ಹೇಳುವುದುಂಟು. ಕೆಲವರು ಕೇಳುವರು.

ನಡೆಯಬೇಕೆಂಬ ಆಸೆಯು ಹೆಚ್ಚಾಗಿರುವವರಿಗೆ ಬೇರೆ ಕಡೆ ಬೇಕಾದಷ್ಟು ಬಂಡೆಗಳಿವೆ. ಮಾಗಡಿ ಸೀಮೆಯ ಸಾವನದುರ್ಗವು ಅವುಗಳಲ್ಲಿ ಅಗ್ರಗಣ್ಯ. ೧,೨೨೬ ಮೀಟರು ಎತ್ತರದ ಈ ಏಕಶಿಲೆಯಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಶಿಖರಗಳು. ತಪ್ಪಲಿನಲ್ಲಿ ವೀರಭದ್ರನ ಮತ್ತು ನರಸಿಂಹನ ಗುಡಿಗಳು. ೧೬೩೮ ರಲ್ಲಿ ಬಿಜಾಪುರದ ಸೇನೆಯು ಬೆಂಗಳೂರನ್ನು ಹಿಡಿದಮೇಲೆ ಕೆಂಪೇಗೌಡನ ವಂಶದವರು ಮಾಗಡಿಗೆ ಬಂದು ಆಳಿದರು. ದುರ್ಗವು ೧೭೨೮ ರಲ್ಲಿ ಮೈಸೂರರಸರ ವಶವಾಯಿತು. ೧೭೯೧ ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯು ಇದನ್ನು ಟಿಪ್ಪುವಿನಿಂದ ಕಿತ್ತುಕೊಂಡಿತು. ಇದನ್ನು ಸಾವಿನ ದುರ್ಗವೆಂದು ಜನರು ಕರೆಯುವುದು ಸುಮ್ಮನೆ ಅಲ್ಲ. ದೂರದಿಂದ ನುಣುಪಾದ ಇಳಿಜಾರಿನಂತೆ ಕಂಡರೂ, ಹತ್ತುತ್ತ ಹೋದಂತೆ ಕಾಲಿಗೆ ಆಧಾರವೂ ತಲೆಗೆ ನೆರಳೂ ದೊರೆಯವು. ಹಳೆಯ ಕೋಟೆಯ ಗೋಡೆಗಳನ್ನು ದಾಟಿ ಮೇಲಿನ ನಂದಿಮಂಟಪವನ್ನು ಮುಟ್ಟಲು ನನ್ನ ವಯಸ್ಸಿನವರಿಗೆ ಎರಡೂವರೆ ಗಂಟೆ ಬೇಕು. ನೀರನ್ನು ತಲೆಗೆ ಎರಡು ಸೀಸೆಗಳಂತೆ ಒಯ್ಯಬೇಕು. ಮಳೆ ಬಿದ್ದ ದಿನ ಹತ್ತಬಾರದು. ನೆತ್ತಿಯಿಂದ ಕೆಳಗೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆಯ ಜಲಾಶಯವು ಹಸುರಿನ ನಡುವೆ ಕನ್ನಡಿಯ ಚೂರಿನಂತೆ ಕಾಣುವುದು. ನೋಡಲು ಸೊಗಸಾದ ಆ ನೀರಿಗೆ ಇಳಿದವರಲ್ಲಿ ಪ್ರಾಣ ಕಳೆದುಕೊಂಡವರುಂಟು. ಮಕ್ಕಳನ್ನು ದಡದಲ್ಲಿಯೇ ನಿಲ್ಲಿಸತಕ್ಕದ್ದು.

ಮೊಣಕಾಲುನೋವಿನವರಿಗೆ ಚನ್ನಪಟ್ಟಣದ ದಿಕ್ಕು ಲೇಸು. ರಾಮನಗರದಿಂದ ಆ ಕಡೆಗೆ ಹೋಗುವಾಗ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಮರಗಳ ನೆರಳಿನಲ್ಲಿ ಮೆಲ್ಲನೆ ತಿರುಗಾಡುತ್ತ ನಮ್ಮ ಅಜ್ಜಿಯರ ಕಾಲದ ಬೀಸುವ ಕಲ್ಲು, ಕಣಜಗಳನ್ನು ನೋಡಬಹುದು. ೧೯೪೬ ರಲ್ಲಿ ಮುಗಿದ ಕಣ್ವ ಜಲಾಶಯದ ಏರಿಯ ಮೇಲೆ ಸಂಜೆಯ ನಡಿಗೆ ಹಿತಕರ. ಶಕುಂತಲೆಯನ್ನು ಸಾಕಿದ ಮಹರ್ಷಿಯ ಹೆಸರಿನ ಹೊಳೆಯೆಂಬುದರಿಂದ ನನಗೆ ಅದರ ಮೇಲೆ ತುಸು ಪಕ್ಷಪಾತವೂ ಉಂಟು. ಚನ್ನಪಟ್ಟಣವನ್ನು ದಾಟಿದರೆ ದೊಡ್ಡಮಳೂರಿನಲ್ಲಿ ಅಪ್ರಮೇಯಸ್ವಾಮಿಯೂ ಅಂಬೆಗಾಲಿಡುವ ಕೃಷ್ಣನೂ ಇರುವರು. ಊರಿನ ಹೆಸರಾಂತ ಗೊಂಬೆಗಳು ಆಲೆಮರದಿಂದ ಆಗತಕ್ಕವು. ಕುರುಚಲು ಕಾಡಿನಲ್ಲಿ ಬಿಳಿಯ ಹೂವನ್ನು ತಳೆದು ನಿಲ್ಲುವ ಆ ಸಣ್ಣ ಮರವನ್ನು ಮಕ್ಕಳಿಗೆ ತೋರಿಸಿ, ಬಳಿಕ ಅಂಗಡಿಗೆ ಕರೆದೊಯ್ದರೆ ಬುಗುರಿಯ ಬೆಲೆಯನ್ನು ಅವರೇ ಚೌಕಾಸಿಮಾಡಲಾರರು.

ಕನಕಪುರದ ಕಡೆಯ ಕಬ್ಬಾಳದುರ್ಗವು ಹಿಂದೆ ಸೆರೆಮನೆಯಾಗಿದ್ದ ಕಡಿದಾದ ಬೆಟ್ಟ. ಗಟ್ಟಿ ಕಾಲಿನವರು ಹತ್ತಲಿ, ಉಳಿದವರು ಕೆಳಗಿನ ಕಬ್ಬಾಳಮ್ಮನಿಗೆ ಕೈಮುಗಿದು ಬರಲಿ. ನಂದಿಬೆಟ್ಟದಲ್ಲಿ ಹುಟ್ಟಿ ಈ ಸೀಮೆಯನ್ನು ಹಾದುಬಂದ ಅರ್ಕಾವತಿಯು ಇನ್ನೂ ದಕ್ಷಿಣಕ್ಕೆ ಹೋಗಿ ಸಂಗಮದಲ್ಲಿ ಕಾವೇರಿಯನ್ನು ಸೇರುವಳು. ನಡುವಣ ಪಟ್ಟಣಗಳು ಆಕೆಗೆ ಒಪ್ಪಿಸಿದ ಕೊಳಚೆಯನ್ನು ಹೊತ್ತು ಸೇರುವಳೆಂಬುದನ್ನೂ ಹೇಳದೆ ವಿಧಿಯಿಲ್ಲ. ಅಲ್ಲಿಂದ ಮೇಕೆದಾಟಿಗೆ ಸುಮಾರು ೪ ಕಿಲೋಮೀಟರು. ಆನೆಗಳ ಕಾಡಾದುದರಿಂದ ಗುಂಪಾಗಿ, ಹಗಲಿನಲ್ಲಿಯೇ ಹೋಗಬೇಕು.

ಹೋದ ಮಾಘಮಾಸದಲ್ಲಿ ಒಂಬತ್ತು ವರ್ಷದ ಮೊಮ್ಮಗನೊಡನೆ ಮತ್ತೆ ರಾಮದೇವರ ಬೆಟ್ಟಕ್ಕೆ ಹೋಗಿದ್ದೆನು. ಬಂಡೆಯು ಕಾದು ಗಾಳಿಯು ಮೇಲೇಳಲು ತೊಡಗಿದಮೇಲೆಯೇ ರಣಹದ್ದುಗಳು ಹಾರುವುದರಿಂದ, ಒಂಬತ್ತು ಗಂಟೆಯ ಸುಮಾರಿಗೆ ಮೆಟ್ಟಿಲಿನ ಮೇಲೆ ಕುಳಿತು ಕಾದೆವು. ಗಿಡುಗಗಳು ಎರಡು ಮೂರು ಸುತ್ತಿದವು. ಅವುಗಳ ಬಾಲವು ಕವಲಾಗಿರುವುದರಿಂದ ಗುರುತು ಸುಲಭ. ಬಹಳ ಹೊತ್ತಾದಮೇಲೆ ಅವುಗಳಿಗಿಂತ ಎತ್ತರದಲ್ಲಿ, ರೆಕ್ಕೆಯನ್ನು ಒಮ್ಮೆಯೂ ಬಡಿಯದೆ, ಅಗಲವಾದ ಒಂದು ಹಕ್ಕಿಯು ತೇಲಿಬಂದಿತು. ನನ್ನ ಕಣ್ಣಿಗೆ ಬಾಲವು ನಿಲುಕಲಿಲ್ಲ.

“ತಾತ, ಅದೇನಾ?” ಎಂದು ಹುಡುಗನು ಎದ್ದುನಿಂತು ಕೂಗಹೊರಟವನು ತಟ್ಟನೆ ಎರಡು ಕೈಗಳಿಂದಲೂ ತನ್ನ ಬಾಯನ್ನು ಮುಚ್ಚಿಕೊಂಡನು. ಹಕ್ಕಿಯು ಬಂಡೆಯ ಹಿಂದಕ್ಕೆ ಸರಿದುಹೋಯಿತು. ಇನ್ನೂ ಅರ್ಧಗಂಟೆ ಕಾದು, ಕಟ್ಟಿತಂದಿದ್ದ ಅವಲಕ್ಕಿಯನ್ನು ತಿಂದು, ಕೆಳಗಿಳಿದೆವು.