ಕಡಲಾಚೆಯ ಕಲಾಶಾಲೆಯಲ್ಲಿ ನಮ್ಮ ಮಕ್ಕಳ ದಿನಚರಿ

ಬೈಲಹೊಂಗಲದ ಅರಳೆ ಪೇಟೆಯಲ್ಲಾಗಲಿ, ರಾಮದುರ್ಗದ ನೇಕಾರರ ಓಣಿಯಲ್ಲಾಗಲಿ, ಮಗನನ್ನು ಇಂಜಿನಿಯರಿಂಗ್ ಓದಿಗಾಗಿ ಹೊರದೇಶಕ್ಕೆ ಕಳುಹಿಸಿದೆವೆಂದು ಹೇಳುವ ತಂದೆಯ ದನಿಯಲ್ಲಿ ಅಭಿಮಾನ ತುಂಬಿರುತ್ತದೆ. ಅದೇ ಮನೆಯ ಮಗಳು ‘ನಾನು ಚಿತ್ರಕಲೆ ಕಲಿಯಲು ಹೋಗುತ್ತೇನೆ’ ಎಂದರೆ ಮೌನ ಕವಿಯುತ್ತದೆ. ‘ಚಿತ್ರ ತೆಗೆದರೆ ಹೊಟ್ಟೆ ತುಂಬೀತೇನವ್ವ?’ ಎಂದು ಅಜ್ಜಿ ಕೇಳುತ್ತಾರೆ. ಊಟದ ಗತಿಯೇನೆಂದು ತಾಯಿ ಚಿಂತಿಸುತ್ತಾರೆ. ಹೊಲವನ್ನು ಒತ್ತೆ ಇಡಬೇಕಾದೀತೇ ಎಂದು ತಂದೆ ಲೆಕ್ಕ ಹಾಕುತ್ತಾರೆ. ಈ ಪ್ರಶ್ನೆಗಳಾವುವೂ ಹಗುರವಾದುವಲ್ಲ. ಆದುದರಿಂದ ಹೊರದೇಶದ ಕಲಾಶಾಲೆಯಲ್ಲಿ ವಿದ್ಯಾರ್ಥಿಯ ಬದುಕು ಹೇಗಿರುತ್ತದೆ, ಅದರಿಂದ ದೊರಕುವುದೇನು ಎಂಬುದನ್ನು ಓದುಗ ಬಂಧುಗಳೊಡನೆ ಆಲೋಚಿಸಲು ನಾವು ಬಯಸುತ್ತೇವೆ.

ವಿದ್ಯೆಗಾಗಿ ಸರ್ವಸ್ವವನ್ನೂ ಕೊಟ್ಟ ನೆಲ ನಮ್ಮದು. ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಶಿಕ್ಷಣಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಅಂಥ ನೆಲದಲ್ಲಿ ಕೈಯ ವಿದ್ಯೆಯನ್ನು ಮಾತ್ರ ಕಿರಿದೆಂದು ಭಾವಿಸುವುದು ಕಾಯಕದ ತತ್ತ್ವವನ್ನು ನಂಬಿದವರಿಗೆ ಶೋಭಿಸದು.

ಮೊದಲು ಹಿರಿಯರೊಬ್ಬರ ಉದಾಹರಣೆಯನ್ನು ನೋಡೋಣ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರೂ ಆಗಿದ್ದವರು. ಹೆಸರು ಬಂದಿತ್ತು, ಸಂಸಾರವಿತ್ತು. ಆದರೂ 1949ರಲ್ಲಿ, ತಮ್ಮ 38ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿಗೆ ತೆರಳಿ ಅಕಾಡೆಮಿ ಜೂಲಿಯಾಂ ಎಂಬ ಕಲಾಶಾಲೆಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಮುದ್ರಣಕಲೆಯನ್ನೂ ಅದೇ ನಗರದ ಎಕೋಲ್ ಎಸ್ತಿಯೆನ್ ಸಂಸ್ಥೆಯಲ್ಲಿ ಅಭ್ಯಾಸ ಮಾಡಿದರು.

ಆ ಅಕಾಡೆಮಿ 1860ರ ದಶಕದಲ್ಲಿ ಆರಂಭವಾದುದು. ಅಲ್ಲಿಯ ಹಳೆಯ ರೂಢಿಯನ್ನು ಕೇಳಿದರೆ ನಮಗೆ ಅಚ್ಚರಿಯೆನಿಸುತ್ತದೆ. ವಾರವಿಡೀ ಒಬ್ಬ ವ್ಯಕ್ತಿ ಒಂದೇ ಭಂಗಿಯಲ್ಲಿ ಕುಳಿತಿರುವನು. ಅವನ ಸುತ್ತ ವಿದ್ಯಾರ್ಥಿಗಳು ಹಲಗೆ ಹಿಡಿದು ಬೆಳಗಿನಿಂದ ಅದೇ ರೂಪವನ್ನು ತಿದ್ದಿ ತಿದ್ದಿ ಬರೆಯುವರು. ಗುರುಗಳು ವಾರಕ್ಕೊಮ್ಮೆಯೋ ಎರಡು ಬಾರಿಯೋ ಬಂದು ಪ್ರತಿಯೊಬ್ಬನ ಹಲಗೆಯ ಮುಂದೆ ನಿಂತು ತಪ್ಪನ್ನು ತೋರಿಸಿ ಹೋಗುವರು. ಉಪನ್ಯಾಸವಿಲ್ಲ, ಬಾಯಿಪಾಠವಿಲ್ಲ. ಉಳಿದ ದಿನಗಳಲ್ಲಿ ಕಣ್ಣೇ ಗುರು, ಕೈಯೇ ಪುಸ್ತಕ. ಸ್ವತಃ ಅಧ್ಯಾಪಕರಾಗಿದ್ದವರೊಬ್ಬರು ಈ ವಿನಯವನ್ನು ಸ್ವೀಕರಿಸಿದರೆಂಬುದೇ ನಮಗೆ ದೊಡ್ಡ ಪಾಠ. ಪ್ಯಾರಿಸ್ಸಿನಿಂದ ಮರಳಿದ ಹೆಬ್ಬಾರರು ಪರದೇಶದ ನಕಲನ್ನು ತರಲಿಲ್ಲ. ನಮ್ಮ ಹಳ್ಳಿಯ ದುಡಿಮೆ, ಸಂಗೀತ, ನೃತ್ಯಗಳನ್ನೇ ತಮ್ಮ ರೇಖೆಯಲ್ಲಿ ಹಿಡಿದರು. 1989ರಲ್ಲಿ ಪದ್ಮಭೂಷಣ ಗೌರವವು ಅವರನ್ನು ಅರಸಿ ಬಂದಿತು.

ಎರಡನೆಯ ಉದಾಹರಣೆ ಹೆಣ್ಣುಮಗಳೊಬ್ಬರದು. ಭದ್ರಾವತಿಯಲ್ಲಿ 1957ರಲ್ಲಿ ಜನಿಸಿದ ಶೀಲಾ ಗೌಡರು ಮೊದಲು ಕಲಿತದ್ದು ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ. ಅದನ್ನು ಕಟ್ಟಿದವರು ನಮ್ಮ ರಾಮದುರ್ಗದ ಆಚೆಗಿನ ಬಾದಾಮಿಯವರಾದ ಆರ್. ಎಂ. ಹಡಪದರು. ಅಲ್ಲಿಂದ ಶಾಂತಿನಿಕೇತನಕ್ಕೆ, ಬಳಿಕ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸಂಸ್ಥೆಗೆ ತೆರಳಿ, 1986ರಲ್ಲಿ ಚಿತ್ರಕಲೆಯಲ್ಲಿ ಎಂ. ಎ. ಪದವಿ ಪಡೆದರು. ಮರಳಿ ಬಂದ ಮೇಲೆ ಅವರ ಕೈ ಹಿಡಿದದ್ದೇನು? 1990ರ ದಶಕದಲ್ಲಿ ಅವರು ಸೆಗಣಿಯನ್ನೇ ಕಲೆಯ ಸಾಮಗ್ರಿಯಾಗಿ ಬಳಸಿದರು. ನೂರಾರು ಅಡಿ ದಾರವನ್ನು ಸೂಜಿಗಣ್ಣುಗಳಲ್ಲಿ ಪೋಣಿಸಿ, ಕುಂಕುಮ ಬೆರೆಸಿದ ಅಂಟನ್ನು ಲೇಪಿಸಿ, ಹಗ್ಗವಾಗಿ ಹೊಸೆದ 1998ರ ಅವರ ಕೃತಿ ಜಗತ್ತಿನಲ್ಲೆಲ್ಲ ಪ್ರಸಿದ್ಧವಾಯಿತು. 2009ರಲ್ಲಿ ವೆನಿಸ್ ನಗರದ ಮಹಾಪ್ರದರ್ಶನದಲ್ಲಿಯೂ ಅವರ ಕೃತಿಗೆ ಸ್ಥಾನ ದೊರೆಯಿತು. ನಮ್ಮ ತಾಯಂದಿರು ನಿತ್ಯ ಮುಟ್ಟುವ ಸೆಗಣಿ, ಸೂಜಿ, ದಾರ, ಕುಂಕುಮಗಳ ಬೆಲೆಯನ್ನು ಹೊಸ ಕಣ್ಣಿನಿಂದ ಕಂಡವರು ಲಂಡನ್ನಿನಲ್ಲಿ ಓದಿ ಬಂದವರೆಂಬುದನ್ನು ಮರೆಯಲಾಗದು.

ಇಂದಿನ ವಿದ್ಯಾರ್ಥಿಯ ದಿನ ಹೇಗೆ ಸಾಗುತ್ತದೆ? ಅಲ್ಲಿಯ ಕಲಾಶಾಲೆಗಳಲ್ಲಿ ಗಂಟೆ ಬಾರಿಸುವುದು ಕಡಿಮೆ. ಸ್ಟುಡಿಯೋದಲ್ಲಿ ಒಬ್ಬೊಬ್ಬರಿಗೆ ಗೋಡೆಯ ಒಂದು ಭಾಗ, ಒಂದು ಮೇಜು. ಇಂದು ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಕೆಲವು ದಿನಗಳಿಗೊಮ್ಮೆ ಗುರುಗಳೂ ಸಹಪಾಠಿಗಳೂ ಸುತ್ತ ನಿಂತು ಕೃತಿಯನ್ನು ಪರೀಕ್ಷಿಸುತ್ತಾರೆ. ವಿದ್ಯಾರ್ಥಿಗಳ ಮಾತಿನಲ್ಲಿ ಇದು ‘ಕ್ರಿಟ್’. ‘ಇದನ್ನೇಕೆ ಹೀಗೆ ಮಾಡಿದೆ?’ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಗುರುಗಳ ಮಾತಿಗೆ ತಲೆಬಾಗಿ ಬೆಳೆದ ನಮ್ಮ ಮಕ್ಕಳಿಗೆ ಆರಂಭದಲ್ಲಿ ಇದು ಕಣ್ಣೀರು ತರಿಸುವ ಪರೀಕ್ಷೆ. ಕ್ರಮೇಣ ಇದೇ ಧೈರ್ಯದ ಶಾಲೆಯಾಗುತ್ತದೆ.

ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಸಂಜೆ ನಾಲ್ಕರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಬಯಲುಸೀಮೆಯ ಬಿಸಿಲಿನಲ್ಲಿ ಬಣ್ಣ ಕಂಡವರಿಗೆ ಆ ಮಬ್ಬು ಮನಸ್ಸಿನ ಮೇಲೂ ಇಳಿಯುತ್ತದೆ. ಸಂಜೆ ಹಲವರು ಹಂಚಿಕೊಳ್ಳುವ ಅಡಿಗೆಮನೆಯಲ್ಲಿ ಅನ್ನ ಬೇಯಿಸಿಕೊಂಡು, ತಾಯಿ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನು ಲೆಕ್ಕ ಹಾಕಿ ಉಣ್ಣಬೇಕು. ಸಸ್ಯಾಹಾರಿಗಳು ಪ್ರತಿಯೊಂದು ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳುವ ಅಭ್ಯಾಸ ಮಾಡಿಕೊಳ್ಳಬೇಕು. ಇಷ್ಟಲಿಂಗ ಪೂಜೆಗೆ ಮಾತ್ರ ಯಾವ ಅಡಚಣೆಯೂ ಇಲ್ಲ. ಅಂಗೈಯ ಲಿಂಗಕ್ಕೆ ಊರು, ಗುಡಿ, ಕಾಲಗಳ ಹಂಗೆಲ್ಲಿ? ಮನಸ್ಸು ಕುಗ್ಗಿದ ದಿನ ಥೇಮ್ಸ್ ನದಿಯ ದಂಡೆಗೆ ಹೋದರೆ, 2015ರ ನವೆಂಬರ್ 14ರಂದು ಅನಾವರಣಗೊಂಡ ವಿಶ್ವಗುರು ಬಸವಣ್ಣನವರ ಪ್ರತಿಮೆ ಎದುರಾಗುತ್ತದೆ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಸ್ಥಾಯಿ ಸಂಗ್ರಹಗಳನ್ನು ಕಾಸಿಲ್ಲದೆ ನೋಡಬಹುದು. ಕಲಾವಿದ್ಯಾರ್ಥಿಗೆ ಅವು ಎರಡನೆಯ ಶಾಲೆಗಳೇ ಸರಿ.

ಇನ್ನು ಖರ್ಚಿನ ಮಾತು. ಬ್ರಿಟನ್ನಿನಲ್ಲಿ ಪದವಿ ತರಗತಿಯ ವಿದೇಶಿ ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಅದರಿಂದಲೇ ಶುಲ್ಕ ತೀರೀತೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಜರ್ಮನಿಯ ಸರ್ಕಾರಿ ಕಲಾಶಾಲೆಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ. ಆದರೆ ಜೀವನ ವೆಚ್ಚಕ್ಕೆಂದು ಮುಂಚಿತವಾಗಿಯೇ ಬ್ಯಾಂಕಿನಲ್ಲಿ ಹಣ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು ವರ್ಷಕ್ಕೆ 11,904 ಯೂರೋ ಎಂದು ನಿಗದಿಪಡಿಸಲಾಯಿತು. ಜರ್ಮನ್ ಭಾಷೆಯ ಕಲಿಕೆಯೂ ಬೇಕಾಗುತ್ತದೆ. ಭಾರತೀಯ ಕಲಾವಿದರಿಗೆ ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್, ಇನ್‌ಲಾಕ್ಸ್ ಪ್ರತಿಷ್ಠಾನಗಳಂಥ ಸಂಸ್ಥೆಗಳ ನೆರವೂ ಉಂಟು. ಅದು ದೊರೆಯುವುದು ಅಂಕಪಟ್ಟಿಯೊಂದರ ಬಲದಿಂದಲ್ಲ. ವಿದ್ಯಾರ್ಥಿಯ ಕೃತಿಗಳ ಸಂಪುಟವಾದ ಪೋರ್ಟ್‌ಫೋಲಿಯೊದ ಬಲದಿಂದ.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಹೊಲವನ್ನು ಒತ್ತೆಯಿಟ್ಟು ಆತುರದಿಂದ ಕಳುಹಿಸಬೇಡಿರಿ. ಹಾಗೆಂದು ಮಕ್ಕಳ ಕೈಯ ಕುಂಚವನ್ನೂ ಕಸಿದುಕೊಳ್ಳಬೇಡಿರಿ. ಹೆಬ್ಬಾರರೂ ಶೀಲಾ ಗೌಡರೂ ಮೊದಲು ಇಲ್ಲಿಯೇ ಕೈ ಪಳಗಿಸಿಕೊಂಡು ಹೋದವರು. ನಮ್ಮ ಮಕ್ಕಳು ಸಹ ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಪದವಿ ಮುಗಿಸಲಿ. ರಜೆಯಲ್ಲಿ ಕಿತ್ತೂರಿನ ಕೋಟೆಯ ಕಲ್ಲುಗಳನ್ನು, ಸವದತ್ತಿಯ ಯಲ್ಲಮ್ಮನ ಗುಡ್ಡದ ಜನಸಾಗರವನ್ನು, ಅಜ್ಜಿಯ ಸೀರೆಯ ಕಸೂತಿಯನ್ನು, ರಾಮದುರ್ಗದ ಮಗ್ಗದ ಮೇಲೆ ಓಡುವ ಕೈಗಳನ್ನು ನಿತ್ಯ ಬರೆಯಲಿ. ಆ ಹಾಳೆಗಳೇ ಮುಂದೆ ಅವರ ಪೋರ್ಟ್‌ಫೋಲಿಯೊ ಆಗುತ್ತವೆ. ಹೊರದೇಶದ ಗುರು ಕೇಳುವ ‘ಏಕೆ’ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇರುತ್ತದೆ.

ಕಡಲು ದಾಟಿ ಹೋದವರು ತಮ್ಮ ಅಂಗಳವನ್ನು ಇನ್ನಷ್ಟು ಸ್ಪಷ್ಟವಾಗಿ ಕಂಡು ಮರಳುವುದಾದರೆ ಆ ಪಯಣ ಸಾರ್ಥಕ. ಅಂಥ ಮಕ್ಕಳನ್ನು ಪಡೆದ ಮನೆಗಳಿಗೆ ಶುಭವಾಗಲಿ.