ಕೆಂಪು ರಾಟವಾಳ

ಹಿಂದಿಯಲ್ಲಿ ‘ಲಾಲ್ ಮುನಿಯಾ’ ಎನಿಸಿಕೊಳ್ಳುವ ಕೆಂಪು ರಾಟವಾಳವು ಗುಬ್ಬಚ್ಚಿಗಿಂತಲೂ ಚಿಕ್ಕ ಹಕ್ಕಿ. ಇದರ ಉದ್ದ ಸುಮಾರು 10 ಸೆಂಟಿಮೀಟರ್. ಕೆರೆಯಂಚಿನ ಜೊಂಡು, ಎತ್ತರದ ಹುಲ್ಲು ಮತ್ತು ಕಬ್ಬಿನ ಗದ್ದೆಗಳಲ್ಲಿ ಇದು ಗುಂಪುಗೂಡಿ ವಾಸಿಸುತ್ತದೆ. ಹುಲ್ಲಿನ ಬೀಜಗಳೇ ಇದರ ಮುಖ್ಯ ಆಹಾರ; ದೊರೆತಾಗ ಗೆದ್ದಲು ಮುಂತಾದ ಕೀಟಗಳನ್ನೂ ತಿನ್ನುತ್ತದೆ.

ಇತರ ಕಾಲದಲ್ಲಿ ಗಂಡು ಹೆಣ್ಣುಗಳೆರಡೂ ಮಾಸಲು ಕಂದು ಬಣ್ಣದವು. ಸಂತಾನೋತ್ಪತ್ತಿಯ ಕಾಲದಲ್ಲಿ ಮಾತ್ರ ಗಂಡು ಕಡುಗೆಂಪು ಬಣ್ಣ ತಾಳುತ್ತದೆ. ಮೈಮೇಲೆ ಬಿಳಿಯ ಚುಕ್ಕೆಗಳು ಎದ್ದು ಕಾಣುತ್ತವೆ. ಮಳೆಗಾಲದಲ್ಲಿ ಹಾಗೂ ಅನಂತರದ ತಿಂಗಳುಗಳಲ್ಲಿ, ಹುಲ್ಲು ತೆನೆಗಟ್ಟಿ ಆಹಾರ ಸಮೃದ್ಧವಾಗಿರುವಾಗ, ಈ ಹಕ್ಕಿಗಳು ಗೂಡು ಕಟ್ಟುತ್ತವೆ. ನೆಲಕ್ಕೆ ಸಮೀಪದ ಪೊದೆಯಲ್ಲಿ ಹುಲ್ಲಿನಿಂದ ಹೆಣೆದ ಚೆಂಡಿನಾಕಾರದ ಗೂಡಿಗೆ ಪಕ್ಕದಲ್ಲಿ ದ್ವಾರವಿರುತ್ತದೆ. ಒಳಗೆ ಮೆತ್ತನೆಯ ಗರಿಗಳ ಹಾಸು. ಸಾಮಾನ್ಯವಾಗಿ 4ರಿಂದ 6 ಬಿಳಿಯ ಮೊಟ್ಟೆಗಳಿಗೆ ಗಂಡು ಹೆಣ್ಣುಗಳೆರಡೂ ಕಾವು ಕೊಡುತ್ತವೆ.

ಈ ಹಕ್ಕಿಗೆ ಅದರ ಚೆಲುವೇ ಮುಳುವಾಗಿದೆ. ಹಿಂದೆ ಇದನ್ನು ಅಹಮದಾಬಾದಿನಿಂದ ಯುರೋಪಿಗೆ ಸಾಗಿಸುತ್ತಿದ್ದರು. ‘ಅಮಂಡಾವ’ ಎಂಬ ಇದರ ವೈಜ್ಞಾನಿಕ ನಾಮವು ಆ ಊರಿನ ಹೆಸರಿನಿಂದಲೇ ಹುಟ್ಟಿದೆ. ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುನಿಯಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದರೂ ನಗರಗಳ ಸಂತೆಗಳಲ್ಲಿ ಇವು ಕದ್ದುಮುಚ್ಚಿ ಮಾರಾಟವಾಗುವುದುಂಟು. ಕೆಲವು ಮುನಿಯಗಳಿಗೆ ಕೃತಕ ಬಣ್ಣ ಬಳಿದು ವಿದೇಶಿ ಹಕ್ಕಿಗಳೆಂದು ನಂಬಿಸುವುದೂ ಉಂಟು. ಕೆಂಪಿಗೆ ಮನಸೋತು ಕೊಂಡವರಿಗೂ ಆ ಕೆಂಪು ಉಳಿಯದು. ಋತು ಕಳೆದರೆ ಪಂಜರದಲ್ಲಿರುವುದು ಕಂದು ಹಕ್ಕಿ ಮಾತ್ರ. ಕೊಳ್ಳುವವರು ಇಲ್ಲವಾದರೆ ಹಿಡಿಯುವವರೂ ಇಲ್ಲವಾಗುತ್ತಾರೆ. ಮಳೆಗಾಲ ಮುಗಿದ ಮೇಲೆ ಊರ ಹೊರಗಿನ ಜೊಂಡಿನ ಬಳಿ ಸದ್ದಿಲ್ಲದೆ ನಿಂತರೆ, ಈ ಹಕ್ಕಿಯನ್ನು ಅದರ ನಿಜವಾದ ಬಣ್ಣದಲ್ಲಿ ಕಾಣಬಹುದು.