ಕಾಣದ ಕ್ರಿಮಿ, ಕಾಣಬೇಕಾದ ಕಣ್ಣು: ಕೋಳಿ-ಹಂದಿಗಳ ಸಾಲ್ಮೊನೆಲ್ಲಾ ಕುರಿತ ತಪ್ಪು ಕಲ್ಪನೆ ಮತ್ತು ಸತ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳೆಂಬ ಐದು ತಾಲ್ಲೂಕುಗಳ ಒಣಸೀಮೆಯಲ್ಲಿ ಜೋಳ, ಶೇಂಗಾಗಳ ಜೊತೆಗೆ ಮೆಕ್ಕೆಜೋಳವೂ ಹೊಲಗಳನ್ನು ತುಂಬಿಕೊಂಡು ಬಹುಕಾಲವಾಯಿತು. ನಮ್ಮ ದೇಶದ ಮೆಕ್ಕೆಜೋಳದಲ್ಲಿ ಅತಿ ದೊಡ್ಡ ಪಾಲು ಮನುಷ್ಯರ ತಟ್ಟೆಗಲ್ಲದೆ ಕೋಳಿಗಳ ಗೋದಲಿಗೇ ಹೋಗುವುದರಿಂದ, ಇಲ್ಲಿನ ರೈತನ ಬಾಳಿಗೂ ಕೋಳಿ ಫಾರ್ಮಿನ ಬಾಳಿಗೂ ಗಂಟು ಬಿದ್ದಿದೆ. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯು ದಿನದಿನವೂ ಸಾರುವ ದರಪಟ್ಟಿಯಲ್ಲಿ ನೆರೆಯ ಹೊಸಪೇಟೆಯ ಹೆಸರಿದೆ. 2021ರ ಡಿಸೆಂಬರ್‌ನಿಂದ ಈ ತಾಲ್ಲೂಕುಗಳಿರುವ ವಿಜಯನಗರವೂ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾ ಮಕ್ಕಳ ಮಧ್ಯಾಹ್ನದ ಊಟಕ್ಕೆ ತತ್ತಿಯೂ ಸೇರಿತು. ಇಷ್ಟು ಜನರ ದುಡಿಮೆಯೂ ಇಷ್ಟು ಮಕ್ಕಳ ಪೋಷಣೆಯೂ ನಿಂತಿರುವ ಒಂದು ಪದಾರ್ಥದ ವಿಷಯದಲ್ಲಿ ಅಂಜಿಕೆಯೂ ಸಲ್ಲದು, ಉದಾಸೀನವೂ ಸಲ್ಲದು. ಸಲ್ಲತಕ್ಕದ್ದು ತಿಳಿವಳಿಕೆ ಮಾತ್ರ. ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮ ಕ್ರಿಮಿಯ ಬಗೆಗೆ ಕೋಳಿ-ಹಂದಿ ಸಾಕುವವರಲ್ಲಿಯೂ ಕೊಂಡು ತಿನ್ನುವವರಲ್ಲಿಯೂ ಬೇರೂರಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಈ ಬರಹದ ಉದ್ದೇಶ.

ತಪ್ಪು ಕಲ್ಪನೆ 1: ಪ್ರಾಣಿ ಚೆನ್ನಾಗಿ ಮೇಯುತ್ತಿದ್ದರೆ ಅದರಲ್ಲಿ ಕ್ರಿಮಿ ಇಲ್ಲ.

ಸತ್ಯ: ಸಾಲ್ಮೊನೆಲ್ಲಾದ ಎರಡೂವರೆ ಸಾವಿರಕ್ಕೂ ಹೆಚ್ಚಿನ ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ; ಮನುಷ್ಯನಲ್ಲಿ ವಾಂತಿ, ಭೇದಿ, ಜ್ವರಗಳನ್ನು ಹುಟ್ಟಿಸುವ ಎಂಟರಿಟಿಡಿಸ್, ಟೈಫಿಮ್ಯೂರಿಯಂ ಮೊದಲಾದವು ಬೆಳೆದ ಕೋಳಿಯ ಕರುಳಿನಲ್ಲಾಗಲಿ ಹಂದಿಯ ಕರುಳಿನಲ್ಲಾಗಲಿ ನೆಲೆಸಿದ್ದಾಗ, ಆ ಪ್ರಾಣಿಯು ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರದೆ, ತೂಕವನ್ನೂ ಕಳೆದುಕೊಳ್ಳದೆ, ತತ್ತಿಯನ್ನೂ ನಿಲ್ಲಿಸದೆ ಇರುತ್ತದೆ. ಹಂದಿಯಲ್ಲಿ ಕ್ರಿಮಿಯು ಗಂಟಲಿನ ಟಾನ್ಸಿಲ್‌ಗಳಲ್ಲಿಯೂ ಕರುಳಿನ ದುಗ್ಧಗ್ರಂಥಿಗಳಲ್ಲಿಯೂ ಅಡಗಿ ಕುಳಿತು, ಲಾರಿಯ ಪ್ರಯಾಣ, ಇಕ್ಕಟ್ಟು, ಉಪವಾಸಗಳಿಂದ ಪ್ರಾಣಿ ಬಳಲಿದಾಗ ಮತ್ತೆ ಮಲದಲ್ಲಿ ಹೊರಬೀಳತೊಡಗುತ್ತದೆ. ಹಟ್ಟಿಯಲ್ಲಿ ನಿರಪಾಯವಾಗಿ ಕಂಡ ಹಂದಿಯು ಕಸಾಯಿಖಾನೆಯ ಬಾಗಿಲಲ್ಲಿ ಅಪಾಯಕರವಾಗುವುದು ಹೀಗೆ.

ಈ ವಿಷಯದಲ್ಲಿ ಪಂಡಿತರೇ ಮೋಸಹೋದ ಉದಾಹರಣೆಯುಂಟು. 1885ರಲ್ಲಿ ಅಮೆರಿಕದಲ್ಲಿ ಡೇನಿಯಲ್ ಸಾಲ್ಮನ್ನರ ಕೈಕೆಳಗೆ ದುಡಿಯುತ್ತಿದ್ದ ಥಿಯೊಬಾಲ್ಡ್ ಸ್ಮಿತ್ ಈ ಕ್ರಿಮಿಯನ್ನು ರೋಗಗ್ರಸ್ತ ಹಂದಿಗಳಿಂದ ಬೇರ್ಪಡಿಸಿದಾಗ, ಹಾಗ್ ಕಾಲರಾ ಎಂಬ ಹಂದಿಜ್ವರಕ್ಕೆ ಇದೇ ಕಾರಣವೆಂದು ಅವರು ನಿರ್ಣಯಿಸಿದರು. ಆ ರೋಗದ ನಿಜವಾದ ಕಾರಣ ವೈರಸ್ ಎಂಬುದು ತಿಳಿದುಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ರೋಗವಿದ್ದಲ್ಲಿ ಈ ಕ್ರಿಮಿಯೇ ಕಾರಣವೆನ್ನುವುದು ಹೇಗೆ ದುಡುಕೋ, ರೋಗವಿಲ್ಲದಲ್ಲಿ ಈ ಕ್ರಿಮಿಯಿಲ್ಲವೆನ್ನುವುದೂ ಹಾಗೆಯೇ ದುಡುಕು.

ತಪ್ಪು ಕಲ್ಪನೆ 2: ಕೋಳಿಗೆ ಬರುವ ಟೈಫಾಯ್ಡ್ ಮನುಷ್ಯರಿಗೆ ಅಂಟುತ್ತದೆ.

ಸತ್ಯ: ಮನುಷ್ಯರ ಟೈಫಾಯ್ಡಿಗೆ ಕಾರಣವಾದ ಸಾಲ್ಮೊನೆಲ್ಲಾ ಟೈಫಿಯು ಮನುಷ್ಯನಲ್ಲಿ ಮಾತ್ರ ನೆಲೆಸತಕ್ಕದ್ದು, ಅದು ಹರಡುವುದು ರೋಗಿಯ ಅಥವಾ ವಾಹಕನ ಮಲದಿಂದ ಕೆಟ್ಟ ನೀರು, ಆಹಾರಗಳ ಮೂಲಕ. ಕೋಳಿ ಟೈಫಾಯ್ಡನ್ನು ತರುವ ಗ್ಯಾಲಿನೇರಂ ಮತ್ತು ಎಳೆಮರಿಗಳಿಗೆ ಬಿಳಿ ಭೇದಿಯನ್ನು ತಂದು ಕೊಲ್ಲುವ ಪುಲ್ಲೋರಂ, ಇವೆರಡೂ ಪಕ್ಷಿಗಳಿಗೆ ಕಟ್ಟುಬಿದ್ದವು. ಮನುಷ್ಯರಿಗೆ ಇವುಗಳಿಂದ ಬಾಧೆಯಾಗುವುದು ಅತ್ಯಪೂರ್ವ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಇವೆರಡರ ಹೆಸರೂ ಇವೆ. ಇಲ್ಲಿ ಗಮನಿಸತಕ್ಕ ವೈಚಿತ್ರ್ಯವೇನೆಂದರೆ, ಕೋಳಿಯನ್ನು ಕೆಡವುವ ಕ್ರಿಮಿ ಸಾಕಣೆದಾರನ ಕಣ್ಣಿಗೆ ಕೂಡಲೇ ಬೀಳುತ್ತದೆ, ಮನುಷ್ಯನನ್ನು ಕೆಡವುವ ಕ್ರಿಮಿಯಾದರೋ ಕೋಳಿಯನ್ನು ಬಾಧಿಸದೆಯೇ ದಾಟಿಹೋಗುತ್ತದೆ. ಆದುದರಿಂದ ಶೆಡ್ಡಿನಲ್ಲಿ ಸಾವು ಕಡಿಮೆಯಾಗಿದೆಯೆಂಬುದು ತಿನ್ನುವವರ ಕ್ಷೇಮಕ್ಕೆ ಸಾಕ್ಷ್ಯವಾಗಲಾರದು.

ತಪ್ಪು ಕಲ್ಪನೆ 3: ಜವಾರಿ ತತ್ತಿ ಶುದ್ಧ, ಫಾರ್ಮ್ ತತ್ತಿ ಅಶುದ್ಧ, ಬೀದಿಯ ಹಂದಿ ಅಪಾಯ, ಕಟ್ಟಿ ಸಾಕಿದ ಹಂದಿ ನಿರಪಾಯ.

ಸತ್ಯ: ಚಿಪ್ಪಿನ ಬಣ್ಣಕ್ಕೂ ಕ್ರಿಮಿಗೂ ಸಂಬಂಧವಿಲ್ಲ. ಎಂಟರಿಟಿಡಿಸ್ ಪ್ರಭೇದವು ಹೇಟೆಯ ಅಂಡಾಶಯವನ್ನೇ ಸೇರಿ, ಚಿಪ್ಪು ಕಟ್ಟುವ ಮೊದಲೇ ತತ್ತಿಯೊಳಗೆ ಹೋಗಬಲ್ಲದು. ಉಳಿದವು ಚಿಪ್ಪಿಗೆ ಮೆತ್ತಿದ ಹಿಕ್ಕೆಯಿಂದ, ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಒಳನುಸುಳುತ್ತವೆ. ತಿಪ್ಪೆಯಲ್ಲಿ ಕೆದಕಿ ಮೇಯುವ ಜವಾರಿ ಕೋಳಿಗೆ ಇಲಿ, ಕಾಡುಹಕ್ಕಿ, ಚರಂಡಿಗಳ ಸಂಪರ್ಕ ತಪ್ಪದು. ಸಾವಿರಾರು ಕೋಳಿಗಳಿರುವ ಶೆಡ್ಡಿನಲ್ಲಿ ಒಮ್ಮೆ ಕ್ರಿಮಿ ಹೊಕ್ಕರೆ ಹರಡುವ ವೇಗ ಹೆಚ್ಚು. ಬೀದಿ ಹಂದಿಗೂ ಕಟ್ಟಿ ಸಾಕಿದ ಹಂದಿಗೂ ಇದೇ ಮಾತು ಅನ್ವಯಿಸುತ್ತದೆ. ಎರಡರ ಅಪಾಯವೂ ಬೇರೆ ಬೇರೆ ಬಗೆಯದು; ಯಾವುದೂ ಹುಟ್ಟಿನಿಂದ ಪವಿತ್ರವಲ್ಲ. ಆದರೆ ಫಾರ್ಮಿನಲ್ಲಿ ಒಂದು ಅನುಕೂಲವುಂಟು: ಅಲ್ಲಿ ಲೆಕ್ಕವಿಡಬಹುದು, ಮಾದರಿ ತೆಗೆಯಬಹುದು, ಇಡಿಯ ಹಿಂಡಿನ ಸ್ಥಿತಿಯನ್ನು ಅರಿಯಬಹುದು.

ತಪ್ಪು ಕಲ್ಪನೆ 4: ನಾಲ್ಕಾರು ಕೋಳಿಗಳನ್ನು ಒಮ್ಮೆ ಪರೀಕ್ಷಿಸಿ, ಇಲ್ಲವೆಂದು ಬಂದರೆ ನಿಶ್ಚಿಂತೆ.

ಸತ್ಯ: ದೊಡ್ಡ ಹಿಂಡೊಂದರಲ್ಲಿ ನೂರಕ್ಕೆ ಐದು ಕೋಳಿಗಳಲ್ಲಿ ಕ್ರಿಮಿಯಿದೆಯೆಂದು ಭಾವಿಸೋಣ. ಪರೀಕ್ಷೆಯೇ ತಪ್ಪದಿದ್ದರೂ, ಐದು ಕೋಳಿಗಳನ್ನು ಮಾತ್ರ ನೋಡಿದವನು ನಾಲ್ಕು ಸಲಕ್ಕೆ ಮೂರು ಸಲ ಏನೂ ಇಲ್ಲವೆಂದೇ ತೀರ್ಮಾನಿಸುವನು. ನೂರಕ್ಕೆ 95ರ ಭರವಸೆಯಿಂದ ಅದನ್ನು ಹಿಡಿಯಬೇಕಾದರೆ ಸುಮಾರು 60 ಕೋಳಿಗಳನ್ನು ನೋಡಬೇಕಾಗುತ್ತದೆ. ಅದರ ಮೇಲೆ, ಕ್ರಿಮಿಯು ಹಿಕ್ಕೆಯಲ್ಲಿ ಬಿಟ್ಟುಬಿಟ್ಟು ಬೀಳುತ್ತದೆಯಾದುದರಿಂದ ಇಂದು ಕಾಣದ್ದು ನಾಳೆ ಕಾಣಬಹುದು. ಆದಕಾರಣವೇ ಬಲ್ಲವರು ಕೋಳಿಯನ್ನು ಬಿಟ್ಟು ಕೋಳಿಯ ನೆಲವನ್ನು ಪರೀಕ್ಷಿಸುತ್ತಾರೆ. ಹೊಟ್ಟು ಹಾಸಿದ ಶೆಡ್ಡಿನಲ್ಲಿ, ಬೂಟಿನ ಮೇಲೆ ತೇವಗೊಳಿಸಿದ ಬಟ್ಟೆಯ ಕಾಲುಚೀಲವನ್ನು ಎಳೆದು ತೊಟ್ಟು, ಈ ಕೊನೆಯಿಂದ ಆ ಕೊನೆಗೆ ನಡೆದುಹೋದರೆ, ಸಾವಿರಾರು ಕೋಳಿಗಳ ಹಿಕ್ಕೆಯ ಅಂಶವು ಆ ಚೀಲಕ್ಕೆ ಹತ್ತುತ್ತದೆ. ಪಂಜರದ ಶೆಡ್ಡಿನಲ್ಲಿ ಸಾಲುಗಳ ಕೆಳಗಿನ ಹಿಕ್ಕೆಯನ್ನು ಅಲ್ಲಲ್ಲಿ ತೆಗೆದು ಕಲಸಿಕೊಳ್ಳುತ್ತಾರೆ. ಹ್ಯಾಚರಿಯಿಂದ ಬಂದ ಒಂದು ದಿನದ ಮರಿಗಳಿಗಾದರೆ ಪೆಟ್ಟಿಗೆಯ ತಳದ ಕಾಗದವೇ ಮಾದರಿಯಾಗುತ್ತದೆ.

ಪ್ರಯೋಗಾಲಯದ ಕೆಲಸವೂ ತಾಳ್ಮೆಯದು. ಬಳಲಿದ ಕ್ರಿಮಿಗಳು ಚೇತರಿಸಿಕೊಳ್ಳಲೆಂದು ಮಾದರಿಯನ್ನು ಮೊದಲು ಪೆಪ್ಟೋನ್ ದ್ರವದಲ್ಲಿ 37 ಡಿಗ್ರಿ ಶಾಖದಲ್ಲಿ ಸುಮಾರು 18 ಗಂಟೆ ಇಡುವರು. ಅಲ್ಲಿಂದ ಇತರ ಜೀವಾಣುಗಳನ್ನು ತಡೆದು ಸಾಲ್ಮೊನೆಲ್ಲಾವನ್ನು ಮಾತ್ರ ಬೆಳೆಸುವ ಮಾಧ್ಯಮಕ್ಕೆ ದಾಟಿಸಿ 41.5 ಡಿಗ್ರಿಯಲ್ಲಿಡುವರು, ಮೂರನೆಯ ದಿನ ಕೆಂಪು ಅಗಾರಿನ ತಟ್ಟೆಯ ಮೇಲೆ ಗೀಚಿದರೆ, ಮರುದಿನಕ್ಕೆ ನಡುವೆ ಕಪ್ಪು ಬೊಟ್ಟಿರುವ ಕೆಂಪು ಚುಕ್ಕಿಗಳು ಮೂಡಬಹುದು. ಅವು ಸಾಲ್ಮೊನೆಲ್ಲಾವೇ ಹೌದೆ ಎಂದು ರಾಸಾಯನಿಕ ಮತ್ತು ಸೀರಂ ಪರೀಕ್ಷೆಗಳಿಂದ ನಿಶ್ಚಯಿಸಿದ ಮೇಲೆಯೇ ಉತ್ತರ. ಪ್ರಭೇದವನ್ನು ಖಚಿತವಾಗಿ ಹೆಸರಿಸುವ ರಾಷ್ಟ್ರೀಯ ಕೇಂದ್ರಗಳು ಕಸೌಲಿಯಲ್ಲಿಯೂ ಇಜ್ಜತ್‌ನಗರದಲ್ಲಿಯೂ ಇವೆ. ಯುರೋಪಿನ ಒಕ್ಕೂಟದಲ್ಲಿ ತತ್ತಿಯಿಡುವ ಹಿಂಡನ್ನು ಕನಿಷ್ಠ 15 ವಾರಕ್ಕೊಮ್ಮೆ ಹೀಗೆ ಪರೀಕ್ಷಿಸುವುದು ಕಡ್ಡಾಯ. ನಿಗಾ ಎಂದರೆ ಒಂದು ಚೀಟಿಯಲ್ಲ, ಒಂದು ಕ್ರಮ.

ತಪ್ಪು ಕಲ್ಪನೆ 5: ನೀರಿನಲ್ಲೋ ಆಹಾರದಲ್ಲೋ ಆ್ಯಂಟಿಬಯೋಟಿಕ್ ಹಾಕುತ್ತಿದ್ದರೆ ಕ್ರಿಮಿ ಹತ್ತಿರ ಸುಳಿಯದು.

ಸತ್ಯ: ಔಷಧವು ಕ್ರಿಮಿಯನ್ನು ತಾತ್ಕಾಲಿಕವಾಗಿ ಅಡಗಿಸುವುದೇ ಹೊರತು ಕರುಳಿನಿಂದ ಬೇರುಸಹಿತ ಕೀಳುವುದಿಲ್ಲ, ಕರುಳಿನ ಉಪಕಾರಿ ಜೀವಾಣುಗಳನ್ನು ಕೊಂದು ಸಾಲ್ಮೊನೆಲ್ಲಾಕ್ಕೆ ಜಾಗ ಮಾಡಿಕೊಡುವುದೂ ಉಂಟು, ಪರೀಕ್ಷೆಯಲ್ಲಿ ಇಲ್ಲವೆಂಬ ಸುಳ್ಳು ಉತ್ತರವನ್ನು ತರಿಸುವುದೂ ಉಂಟು. ಎಲ್ಲಕ್ಕಿಂತ ಘೋರವಾದುದೆಂದರೆ, ಔಷಧಕ್ಕೆ ಬಗ್ಗದ ಕ್ರಿಮಿಗಳು ಹೀಗೆ ಬೆಳೆದು, ನಾಳೆ ಆಸ್ಪತ್ರೆಯಲ್ಲಿ ಮಲಗಿದ ಮಗುವಿಗೆ ಕೊಡುವ ಮದ್ದು ನಿಷ್ಫಲವಾಗುವುದು. ಮನುಷ್ಯರ ಕೊನೆಯ ಆಸರೆಯ ಔಷಧಗಳಲ್ಲೊಂದಾದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ತಯಾರಿಸಿ ಮಾರುವುದನ್ನು ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿದ್ದು ಈ ಕಾರಣದಿಂದಲೇ.

ತಪ್ಪು ಕಲ್ಪನೆ 6: ನಮ್ಮ ಹೊಲದ ಮೆಕ್ಕೆಜೋಳವನ್ನೇ ತಿನ್ನಿಸುತ್ತೇವೆ, ಕ್ರಿಮಿ ಎಲ್ಲಿಂದ ಬಂದೀತು?

ಸತ್ಯ: ಹೊಲದಲ್ಲಿ ಶುದ್ಧವಾಗಿದ್ದ ಕಾಳು ಗೋದಾಮಿನಲ್ಲಿ ಶುದ್ಧವಾಗಿಯೇ ಉಳಿಯಬೇಕೆಂದಿಲ್ಲ. ಇಲಿ-ಹೆಗ್ಗಣಗಳ ಹಿಕ್ಕೆ, ಗುಬ್ಬಿ-ಪಾರಿವಾಳಗಳ ಹಿಕ್ಕೆ, ಆಹಾರಕ್ಕೆ ಬೆರೆಸುವ ಮೀನಿನ ಪುಡಿ ಮತ್ತು ಹಿಂಡಿ, ಗಿರಣಿಯ ಯಂತ್ರದಲ್ಲಿ ಕೂತ ಧೂಳು, ಇವೆಲ್ಲ ಕ್ರಿಮಿಯ ದಾರಿಗಳು. ಒಣ ಧೂಳಿನಲ್ಲಿ ಅದು ತಿಂಗಳುಗಟ್ಟಲೆ ಬದುಕಬಲ್ಲದು. ಕಾಯಿಸಿ ಒತ್ತಿದ ಗುಳಿಗೆಯ ಆಹಾರದಲ್ಲಿ ಕ್ರಿಮಿ ಸಾಯುವುದು ನಿಜ. ಆದರೆ ಹಂದಿಗಳಲ್ಲಿ, ದಪ್ಪನಾಗಿ ಒಡೆದ ಹಿಟ್ಟಿನ ಆಹಾರವು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಂತು, ಆಮ್ಲವನ್ನು ಹೆಚ್ಚಿಸಿ, ಕ್ರಿಮಿಗೆ ನೆಲೆ ಸಿಗದಂತೆ ಮಾಡುವುದೂ ಅಷ್ಟೇ ನಿಜ. ಊರಿನ ಗಿರಣಿಯಲ್ಲಿ ಕಾಳು ಒಡೆಸುವ ಸಣ್ಣ ಸಾಕಣೆದಾರನಿಗೆ ಇದು ಕೈಗೆಟುಕುವ ಉಪಾಯ; ಗೋದಾಮಿಗೆ ಇಲಿ ಹೊಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಅಗ್ಗದ್ದು.

ತಪ್ಪು ಕಲ್ಪನೆ 7: ತೊಳೆದು ಫ್ರಿಜ್ಜಿನಲ್ಲಿಟ್ಟರೆ ಸಾಕು.

ಸತ್ಯ: ಚಳಿಯು ಕ್ರಿಮಿಯ ಬೆಳವಣಿಗೆಯನ್ನು ತಡೆಯುವುದು, ಕೊಲ್ಲದು, ಹೆಪ್ಪುಗಟ್ಟಿದ ಮಾಂಸದಲ್ಲಿಯೂ ಅದು ಉಳಿಯುತ್ತದೆ. ಹಸಿ ಕೋಳಿಮಾಂಸವನ್ನು ನಲ್ಲಿಯ ಕೆಳಗೆ ತೊಳೆದರೆ ತುಂತುರಿನೊಡನೆ ಕ್ರಿಮಿಯು ಪಕ್ಕದ ಕೊತ್ತಂಬರಿಗೂ ತಟ್ಟೆಗೂ ಹಾರುತ್ತದೆ. ಒಳಭಾಗವೂ 70 ಡಿಗ್ರಿ ಮುಟ್ಟುವಂತೆ ಬೇಯಿಸಿದರೆ ಕ್ರಿಮಿ ಸಾಯುತ್ತದೆ. ನಮ್ಮ ಮನೆಗಳ ಸಾರು ಕುದಿಯುವ ಪದ್ಧತಿಯೂ, ಶಾಲೆಗಳಲ್ಲಿ ಭಂಡಾರ ಗಟ್ಟಿಯಾಗುವವರೆಗೆ ಬೇಯಿಸಿ ಕೊಡುವ ತತ್ತಿಯೂ ಈ ದೃಷ್ಟಿಯಿಂದ ಸುರಕ್ಷಿತ. ಅಪಾಯವಿರುವುದು ಹಸಿ ಮಾಂಸ ಹೆಚ್ಚಿದ ಮಣೆಯ ಮೇಲೆಯೇ ಸೌತೆಕಾಯಿ ಹೆಚ್ಚುವುದರಲ್ಲಿ, ನಮ್ಮ ಸೀಮೆಯ ಬಿರುಬೇಸಿಗೆಯಲ್ಲಿ ಬಿರುಕುಬಿಟ್ಟ ತತ್ತಿಯನ್ನು ದಿನಗಟ್ಟಲೆ ಇಟ್ಟು ಬಳಸುವುದರಲ್ಲಿ.

ತಪ್ಪು ಕಲ್ಪನೆ 8: ಪರೀಕ್ಷಿಸಿದರೆ ಕ್ರಿಮಿ ಸಿಕ್ಕೀತು, ಸಿಕ್ಕರೆ ವ್ಯಾಪಾರ ಮುಳುಗೀತು, ಆದ್ದರಿಂದ ಹುಡುಕದಿರುವುದೇ ಲೇಸು.

ಸತ್ಯ: ಎಲ್ಲಕ್ಕಿಂತ ಹಾನಿಕರವಾದ ನಂಬಿಕೆ ಇದು, ಆದರೆ ಸಾಲ ಮಾಡಿ ಶೆಡ್ ಕಟ್ಟಿದವನ ಮನಸ್ಸಿನಲ್ಲಿ ಈ ಭಯ ಹುಟ್ಟುವುದು ಸಹಜವಾದುದರಿಂದ ಇದಕ್ಕೆ ಸಹಾನುಭೂತಿಯಿಂದಲೇ ಉತ್ತರ ಹೇಳಬೇಕು. 1953ರಲ್ಲಿ ಸ್ವೀಡನ್ನಿನಲ್ಲಿ ಒಂದು ಕಸಾಯಿಖಾನೆಯ ಮಾಂಸದಿಂದ ಸುಮಾರು ಒಂಬತ್ತು ಸಾವಿರ ಜನ ಕಾಯಿಲೆ ಬಿದ್ದು, ಸುಮಾರು ತೊಂಬತ್ತು ಮಂದಿ ಸತ್ತರು. ಆ ದುರಂತದಿಂದ ಕಲಿತು 1961ರಿಂದ ಆ ದೇಶವು ಕಟ್ಟಿದ ನಿಯಂತ್ರಣದ ಫಲವಾಗಿ ಇಂದು ಅಲ್ಲಿಯ ಕೋಳಿ-ಹಂದಿಗಳಲ್ಲಿ ಸಾಲ್ಮೊನೆಲ್ಲಾ ವಿರಳ. ಡೆನ್ಮಾರ್ಕ್ 1995ರಿಂದ ಹಂದಿಯ ಮಾಂಸರಸದಲ್ಲಿ ಪ್ರತಿಕಾಯಗಳನ್ನು ಅಳೆದು, ಹಿಂಡುಗಳನ್ನು ಮೂರು ಮಟ್ಟಗಳಲ್ಲಿ ವಿಂಗಡಿಸಿ, ಕೆಟ್ಟ ಮಟ್ಟದವರಿಗೆ ಸುಧಾರಿಸಿಕೊಳ್ಳುವ ದಾರಿಯನ್ನು ತೋರಿಸಿತು. ಇಂಗ್ಲೆಂಡಿನಲ್ಲಿ 1988ರ ಡಿಸೆಂಬರಿನಲ್ಲಿ ತತ್ತಿಗಳಲ್ಲಿ ಸಾಲ್ಮೊನೆಲ್ಲಾ ಇದೆಯೆಂಬ ಸಚಿವೆಯೊಬ್ಬರ ಒಂದು ಮಾತಿಗೆ ತತ್ತಿಯ ಮಾರಾಟ ಕುಸಿದುಬಿದ್ದದ್ದು, ಜನರಿಗೆ ನಂಬಲು ಆಧಾರವಾದ ಪರೀಕ್ಷೆಯ ಲೆಕ್ಕ ಇಲ್ಲದಿದ್ದುದರಿಂದ. 1998ರಿಂದ ಲಸಿಕೆ ಮತ್ತು ಪರೀಕ್ಷೆಗಳ ಕ್ರಮವನ್ನು ಉತ್ಪಾದಕರೇ ಕೈಗೊಂಡ ಮೇಲೆ, ಆ ಕ್ರಮಕ್ಕೆ ಒಳಪಟ್ಟುದರ ಗುರುತಾದ ಮುದ್ರೆಯುಳ್ಳ ತತ್ತಿಯನ್ನು ಗರ್ಭಿಣಿಯರೂ ಅರೆಬೇಯಿಸಿ ತಿನ್ನಬಹುದೆಂದು ಅಲ್ಲಿಯ ಆಹಾರ ಸಂಸ್ಥೆಯೇ 2017ರಲ್ಲಿ ಹೇಳುವಂತಾಯಿತು. ಹುಡುಕಿದವರ ವ್ಯಾಪಾರ ಮುಳುಗಲಿಲ್ಲ; ಹುಡುಕದ ಕಾಲದಲ್ಲಿ ಮುಳುಗಿದ್ದು ಹುಡುಕಿದ ಮೇಲೆ ಎದ್ದು ನಿಂತಿತು.

ಹಡಗಲಿಯ ಹತ್ತು ಹಂದಿಗಳ ಒಡೆಯನಿಗೂ ಹರಪನಹಳ್ಳಿಯ ಹತ್ತು ಸಾವಿರ ಕೋಳಿಗಳ ಒಡೆಯನಿಗೂ ಒಂದೇ ಅಳತೆಯ ಕಟ್ಟಳೆ ಸಲ್ಲದು. ಆದರೆ ಮರಿ ಬಂದ ದಿನ ಪೆಟ್ಟಿಗೆಯ ಕಾಗದವನ್ನು ತೆಗೆದಿಡುವುದು, ಹಿಂಡು ತತ್ತಿಯಿಡತೊಡಗಿದ ಮೇಲೆ ಗೊತ್ತಾದ ಅವಧಿಗೊಮ್ಮೆ ಹಿಕ್ಕೆಯನ್ನು ತಾಲ್ಲೂಕಿನ ಪಶು ಆಸ್ಪತ್ರೆಯ ಮೂಲಕ ಪ್ರಯೋಗಾಲಯಕ್ಕೆ ಕಳುಹಿಸುವುದು, ಬಂದ ಉತ್ತರವನ್ನು ಪುಸ್ತಕದಲ್ಲಿ ಬರೆದಿಡುವುದು, ಶೆಡ್ ಖಾಲಿಯಾದಾಗ ತೊಳೆದು ಒಣಗಿಸಿ ಮತ್ತೊಮ್ಮೆ ಪರೀಕ್ಷಿಸಿದ ಮೇಲೆಯೇ ಹೊಸ ಮರಿಗಳನ್ನು ಬಿಡುವುದು, ಇಷ್ಟು ಯಾರಿಗೂ ಅಸಾಧ್ಯವಲ್ಲ. ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂಥ ಸರ್ಕಾರಿ ಪ್ರಯೋಗಾಲಯಗಳು ಇರುವುದು ಇಂಥ ಕೆಲಸಕ್ಕಾಗಿಯೇ. ಕ್ರಿಮಿ ಸಿಕ್ಕಿತೆಂದು ಸಾಕಣೆದಾರನನ್ನು ಅಪರಾಧಿಯಂತೆ ಕಾಣುವ ಸಮಾಜವು ಅವನಿಗೆ ಮುಚ್ಚಿಡುವುದನ್ನೇ ಕಲಿಸುತ್ತದೆ. ಹುಡುಕಿ ಹೇಳಿದವನಿಗೆ ಗೌರವವನ್ನೂ, ತಿದ್ದಿಕೊಳ್ಳಲು ಸಹಾಯವನ್ನೂ, ನಷ್ಟಕ್ಕೆ ಆಸರೆಯನ್ನೂ ಕೊಡುವ ಸಮಾಜಕ್ಕೆ ಮಾತ್ರ ತನ್ನ ಮಕ್ಕಳ ತಟ್ಟೆಯಲ್ಲಿರುವ ಆಹಾರದ ನಿಜವಾದ ಸ್ಥಿತಿ ತಿಳಿದೀತು.